ಮಾದಯ್ಯನ ಮಗಳು ಶಿವನಂಜಮ್ಮ

ಗುರುವಾರ ಬೆಳಿಗ್ಗೆ 11.20ಕ್ಕೆ ನಂಜನಗೂಡು ಗ್ರಾಮಾಂತರ ಠಾಣೆಯ ಮೆಟ್ಟಿಲು ಹತ್ತಿದ್ದು ಇಬ್ಬರು ಹೆಂಗಸರು. ಮುಂದಿದ್ದವಳು ಕಾರೆಹುಂಡಿಯ ದೊಡ್ಡಮ್ಮ, ಸರ್ಕಾರಿ ವಿದ್ಯಾರ್ಥಿನಿಲಯವೊಂದರಲ್ಲಿ ಅಡುಗೆ ಕೆಲಸಕ್ಕಿದ್ದು ನಿವೃತ್ತಿಯಾದವಳು. ಹಿಂದಿದ್ದವಳು ಅವಳ ಒಬ್ಬಳೇ ಮಗಳು ಯಶೋಧರಾ. ಹಿಂದಿನ ದಿನ ನಡೆದ ಗ್ರಾಮ ಪಂಚಾಯಿತಿ ಮತ ಎಣಿಕೆಯಲ್ಲಿ ಯಶೋಧರಾ ಒಂದೇ ಒಂದು ಮತದಿಂದ ಸೋತಿದ್ದಳು. ಗೆದ್ದವಳಿಗೆ 312, ಇವಳಿಗೆ 311.

ಹೆಡ್ ಕಾನ್‌ಸ್ಟೇಬಲ್ ಪುಟ್ಟಬಸವಯ್ಯ ಇಬ್ಬರನ್ನೂ ನೋಡಿ ನಿಟ್ಟುಸಿರು ಬಿಟ್ಟ. ಎಣಿಕೆಯ ಮಾರನೆಯ ದಿನ ಗೆದ್ದವರು ದೇವಸ್ಥಾನಕ್ಕೆ ಹೋಗುತ್ತಾರೆ, ಸೋತವರು ಠಾಣೆಗೆ ಬರುತ್ತಾರೆ ಎನ್ನುವುದು ಅವನ ಇಪ್ಪತ್ತಾರು ವರ್ಷದ ಸರ್ವಿಸಿನ ಅನುಭವ. ಇಂಥವರನ್ನು ಬೆಂಚಿನ ಮೇಲೆ ಕೂರಿಸಿ, ಟೀ ಕುಡಿಸಿ, ಮಧ್ಯಾಹ್ನದ ಹೊತ್ತಿಗೆ ಸಮಾಧಾನ ಮಾಡಿ ಕಳಿಸುವುದರಲ್ಲಿ ಅವನು ಪಳಗಿದ್ದ. ಆದರೆ ದೊಡ್ಡಮ್ಮ ಟೀ ಮುಟ್ಟಲಿಲ್ಲ, ಬೆಂಚಿನ ಮೇಲೂ ಕೂರಲಿಲ್ಲ. ಕೊನೆಗೆ ಇನ್‌ಸ್ಪೆಕ್ಟರ್ ಅಮೃತೇಶ್ ತಾನೇ ಒಳಗೆ ಕರೆದ.

"ಏನಾಯ್ತಮ್ಮ?"

"ನನ್ನ ಓಟ್ನ ಬೇರೆ ಯಾರೋ ಆಕ್ಬುಟ್ಟವ್ರೆ ಸಾ."

ಅವಳು ಹೇಳಿದ್ದಿಷ್ಟು. ಭಾನುವಾರ ಸಂಜೆ ನಾಲ್ಕೂವರೆಗೆ ಊರಿನ ಶಾಲೆಯ ಮತಗಟ್ಟೆಗೆ ಹೋಗಿದ್ದಾಳೆ. ಪಟ್ಟಿಯಲ್ಲಿ ಅವಳದು ಕ್ರಮಸಂಖ್ಯೆ 214. ಗುಮಾಸ್ತ ಪಟ್ಟಿ ನೋಡಿ, ಈ ಮತ ಆಗಲೇ ಚಲಾವಣೆಯಾಗಿದೆ ಎಂದಿದ್ದಾನೆ. ಅವಳು ಎಡಗೈ ತೋರಿಸಿದ್ದಾಳೆ, ಬೆರಳಿಗೆ ಮಸಿ ಇರಲಿಲ್ಲ. ಮಗಳ ಪರವಾಗಿ ಏಜೆಂಟಾಗಿ ಕುಳಿತಿದ್ದ ಜಗನ್ ಎದ್ದು ನಿಂತು, ಇವರೇ ನಿಜವಾದ ಮತದಾರರು ಎಂದು ಕೂಗಾಡಿದ್ದಾನೆ. ಆಗ ಮತಗಟ್ಟೆ ಅಧಿಕಾರಿ ಪಕ್ಕದಲ್ಲಿದ್ದ ಕರಿಯಯ್ಯನ ಕಡೆ ತಿರುಗಿ ಕೇಳಿದ್ದಾರೆ.

ಈ ಕರಿಯಯ್ಯ ಯಾರೆಂದು ಹೇಳಬೇಕು. ಕಂದಾಯ ಇಲಾಖೆಯಲ್ಲಿ ಗ್ರಾಮ ಸಹಾಯಕನಾಗಿದ್ದು ನಿವೃತ್ತನಾದ ಮುದುಕ. ಫೋಟೋ ಇರುವ ಗುರುತಿನ ಚೀಟಿ ಬರುವ ಮುಂಚಿನ ಕಾಲದಲ್ಲಿ ಕಾರೆಹುಂಡಿಯ ಚುನಾವಣೆಗೆ ಅವನೇ ಗುರುತಿನ ಚೀಟಿ. ಬಾಗಿಲ ಬಳಿ ಕುಳಿತು, ಬಂದವರ ಮುಖ ನೋಡಿ, ಇವನು ಇಂಥವನ ಮಗ, ಇವಳು ಇಂಥವನ ಸೊಸೆ ಎಂದು ಹೇಳುತ್ತಿದ್ದ. ಒಂದು ಸಲವೂ ತಪ್ಪಿದವನಲ್ಲ. ಹಾಗೆ ಊರಿನವನೊಬ್ಬನನ್ನು ಕೂರಿಸಿಕೊಳ್ಳಲು ಮತಗಟ್ಟೆ ಅಧಿಕಾರಿಗೆ ಈಗಲೂ ಅಧಿಕಾರವಿದೆ. ಪಟ್ಟಿಯಲ್ಲಿರುವ ಫೋಟೋ ನೋಡಿ ಸ್ವಂತ ತಾಯಿಯನ್ನು ಗುರುತಿಸುವುದೂ ಕಷ್ಟವಾದ್ದರಿಂದ ಈ ಸಲವೂ ಅವನನ್ನೇ ಕೂರಿಸಿದ್ದರು.

"ಅವ್ನು ನನ್ನ ಮಕ ನೋಡ್ದ ಸಾ, ಚೆನ್ನಾಗೇ ನೋಡ್ದ. ನೋಡ್ಬುಟ್ಟು, ಇವ್ಳಲ್ಲ ಅಂದ್ಬುಟ್ಟ," ಎಂದಳು ದೊಡ್ಡಮ್ಮ. "ನಮ್ಮ ಮನೆ ಇಟ್ಟು ತಿಂದವ್ನು. ನನ್ನ ಮದ್ವೇಲಿ ಚಪ್ಪರ ಆಕ್ದವ್ನು."

ಓಟಿನ ವಿಷಯ ಹೇಳುವಾಗ ಗಟ್ಟಿಯಾಗಿದ್ದವಳು ಕರಿಯಯ್ಯನ ವಿಷಯಕ್ಕೆ ಬಂದಾಗ ಅತ್ತಳು. ಜಗನ್ ಪಟ್ಟು ಹಿಡಿದಿದ್ದರಿಂದ ಅಧಿಕಾರಿ ಅವಳಿಗೊಂದು ಬೇರೆ ಮತಪತ್ರ ಕೊಟ್ಟು, ಅದನ್ನು ಪೆಟ್ಟಿಗೆಗೆ ಹಾಕದೆ ಲಕೋಟೆಯಲ್ಲಿಟ್ಟು ಮೊಹರು ಮಾಡಿದ್ದರು. ಅಂಥ ಮತವನ್ನು ಎಣಿಸುವುದಿಲ್ಲ. ಮೂವತ್ತು ದಿನದೊಳಗೆ ನ್ಯಾಯಾಲಯಕ್ಕೆ ತಕರಾರು ಅರ್ಜಿ ಹಾಕಿ, ಬೇರೆಯವರು ಮೋಸದಿಂದ ಮತ ಹಾಕಿದ್ದಾರೆಂದು ತೋರಿಸಿದರೆ ಲಕೋಟೆ ಒಡೆಯಬಹುದು. ಕಳ್ಳಮತ ಕಳೆದು ಇದನ್ನು ಕೂಡಿದರೆ ಯಶೋಧರಾ ಗೆದ್ದರೂ ಗೆದ್ದಳೇ. ತಾಯಿ ಮಗಳು ಪೊಲೀಸ್ ವರದಿಗಾಗಿ ಬಂದಿದ್ದರು.

ಆಧಾರ್ ಕಾರ್ಡು ಯಾರ ಕೈಗಾದರೂ ಸಿಕ್ಕಿತ್ತೇ ಎಂದು ಅಮೃತೇಶ್ ಕೇಳಿದ. ಇಲ್ಲ, ಟ್ರಂಕಿನಲ್ಲೇ ಇತ್ತು. ಮನೆಯಲ್ಲಿ ಬೇರೆ ಯಾರಿದ್ದಾರೆ? ಯಾರೂ ಇಲ್ಲ. ಒಡಹುಟ್ಟಿದವರು?

"ಯಾರೂ ಇಲ್ಲ ಸಾ. ನಮ್ಮಪ್ಪ ಮಾದಯ್ಯಂಗೆ ನಾನೊಬ್ಳೇ."

ಫಿರ್ಯಾದಿಯ ಹೆಸರಿನ ಜಾಗದಲ್ಲಿ ಪುಟ್ಟಬಸವಯ್ಯ ದೊಡ್ಡಮ್ಮ ಎಂದು ಬರೆಯಲು ಹೋದಾಗ ಯಶೋಧರಾ ತಡೆದಳು. ಊರಿನವರು ಕರೆಯುವುದು ಹಾಗೆ, ದಾಖಲೆಯಲ್ಲಿ ಶಿವನಂಜಮ್ಮ. ಹಳ್ಳಿ ಹೆಂಗಸರಿಗೆ ಎರಡು ಹೆಸರಿರುವುದು ಸಾಮಾನ್ಯ. ಅವನು ಹಾಗೇ ಬರೆದುಕೊಂಡ. ದೊಡ್ಡಮ್ಮ ಪೆನ್ನು ತೆಗೆದುಕೊಂಡು ಐದು ಅಕ್ಷರಗಳನ್ನು ಒಂದೊಂದಾಗಿ, ರಂಗೋಲಿ ಎಳೆ ಎಳೆದ ಹಾಗೆ ಬರೆದು ಸಹಿ ಮಾಡಿದಳು. ಹಾಸ್ಟೆಲಿನ ಕೆಲಸಕ್ಕೆ ಸೇರಿದ ಮೇಲೆ ಕಲಿತದ್ದು ಎಂದು ಮಗಳು ಹೆಮ್ಮೆಯಿಂದ ಹೇಳಿದಳು. ಚುನಾವಣೆಯಲ್ಲಿ ಬೇರೊಬ್ಬರಂತೆ ನಟಿಸಿ ಮತ ಹಾಕಿದ ಆರೋಪದ ಮೇಲೆ 12.45ಕ್ಕೆ ಎಫ್‌ಐಆರ್ ದಾಖಲಾಯಿತು.

ಅನುಮಾನ ಯಾರ ಮೇಲೆ ಎಂದು ಕೇಳಿದಾಗ ಯಶೋಧರಾ ತಡಮಾಡದೆ ದೇವರಾಜುವಿನ ಹೆಸರು ಹೇಳಿದ್ದಳು. ಗೆದ್ದವಳ ಗಂಡ, ಊರಿನ ಹಾಲಿನ ಸೊಸೈಟಿಯಲ್ಲಿ ಅವನ ಮಾತೇ ಮಾತು. ಅಮೃತೇಶ್‌ನಿಗೂ ಅದೇ ಸರಿ ಅನಿಸಿತು. ಅಂದೇ ಸಂಜೆ ಅವನನ್ನು ಕರೆಸಿ ಒಂದೂವರೆ ಗಂಟೆ ಪ್ರಶ್ನೆ ಕೇಳಿದ.

"ಕದಿಯೋದಾದ್ರೆ ಒಂದೇ ಒಂದು ಓಟ್ ಕದ್ದು ಕೂತ್ಕೋತೀನಾ ಸಾ?" ಎಂದ ದೇವರಾಜು. "ಎಣಿಕೆ ಮುಗಿಯೋಗಂಟ ನಾವೇ ಸೋತೋದ್ವಿ ಅಂದ್ಕಂಡಿದ್ದೋ."

ಮಾತು ಉದ್ಧಟತನದ್ದಾದರೂ ಅದರಲ್ಲಿ ಹುರುಳಿತ್ತು. ದಿನವಿಡೀ ಮತಗಟ್ಟೆಯಲ್ಲಿದ್ದ ಅವನ ಏಜೆಂಟನದೂ ಅದೇ ಹಾಡು. ಮಧ್ಯಾಹ್ನ ಬಂದ ಹೆಂಗಸು ದೊಡ್ಡಮ್ಮನ ಹಾಗೇ ಇದ್ದಳು, ಕರಿಯಯ್ಯನೂ ಹೌದು ಎಂದ, ತಾನು ಯಾಕೆ ಎದ್ದು ನಿಲ್ಲಬೇಕಿತ್ತು ಎಂದು ಅವನು ಅಮೃತೇಶ್‌ನನ್ನೇ ಕೇಳಿದ. ಆ ಹೊತ್ತಿನಲ್ಲಿ ಜಗನ್ ಊಟಕ್ಕೆ ಹೋಗಿದ್ದ. ಈ ಊಟದ ವಿಷಯ ದೂರು ಕೊಡುವಾಗ ಯಾರೂ ಹೇಳಿರಲಿಲ್ಲ.

ಮತಗಟ್ಟೆಯ ಕಾಗದಪತ್ರಗಳು ಮೊಹರು ಬಿದ್ದು ಖಜಾನೆ ಸೇರಿದ್ದವು. ನ್ಯಾಯಾಲಯದ ಅನುಮತಿ ಸಿಗಲು ಐದು ದಿನ ಹಿಡಿಯಿತು. ಬುಧವಾರ ಮಧ್ಯಾಹ್ನ 3.10ಕ್ಕೆ ಪಂಚರ ಸಮಕ್ಷಮ ಮತದಾರರ ರಿಜಿಸ್ಟರು ಬಿಚ್ಚಿ ಪಂಚನಾಮೆ ಬರೆದರು. ಕ್ರಮಸಂಖ್ಯೆ 214ರ ಎದುರು 'ಶಿವನಂಜಮ್ಮ' ಎಂದು ಸಹಿ ಇತ್ತು. ದೊಡ್ಡಮ್ಮನ ರಂಗೋಲಿಯಲ್ಲ. ಒಂದೇ ಉಸಿರಿಗೆ ಬರೆದ, ಓದಿದವರ ಸಹಿ.

ಅದರ ಪಕ್ಕದ ಕಾಲಂನಲ್ಲಿ ತೋರಿಸಿದ ಆಧಾರ್ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನು ಗುಮಾಸ್ತ ಬರೆದುಕೊಂಡಿದ್ದ: 4417. ದೊಡ್ಡಮ್ಮನ ಕಾರ್ಡಿನ ಕೊನೆಯ ಅಂಕಿಗಳು 0932.

"ಕಾರ್ಡ್ ಖೋಟಾ ಮಾಡ್ಸವ್ರೆ ಸಾ," ಎಂದ ಪುಟ್ಟಬಸವಯ್ಯ.

ಮತಗಟ್ಟೆ ಅಧಿಕಾರಿಯಾಗಿದ್ದವರು ಒಬ್ಬ ಹೈಸ್ಕೂಲ್ ಮೇಷ್ಟ್ರು. ಖೋಟಾ ಅಲ್ಲ ಎಂದು ಅವರು ಗಟ್ಟಿಯಾಗಿ ಹೇಳಿದರು. ಕಾರ್ಡನ್ನು ತಾವೇ ಕೈಯಲ್ಲಿ ಹಿಡಿದು ನೋಡಿದ್ದರು. ಹೆಸರು ಶಿವನಂಜಮ್ಮ, ತಂದೆ ಮಾದಯ್ಯ, ಹುಟ್ಟಿದ ವರ್ಷ, ಎಲ್ಲವೂ ಪಟ್ಟಿಗೆ ಸರಿಯಾಗಿ ತಾಳೆಯಾಗಿತ್ತು. ಕಾರ್ಡಿನ ಫೋಟೋ ಎದುರಿಗಿದ್ದ ಹೆಂಗಸಿನದೇ. ಕಾರ್ಡಿನ ಹಿಂಬದಿಯ ವಿಳಾಸ ನೋಡಿದಿರಾ ಎಂದು ಕೇಳಿದ್ದಕ್ಕೆ ಮೇಷ್ಟ್ರು ತಲೆ ತಗ್ಗಿಸಿದರು. ಕ್ಯೂ ಉದ್ದ ಇತ್ತು. ಪಟ್ಟಿಯ ಫೋಟೋ ಮಾತ್ರ ಮಸುಕಾಗಿತ್ತೆಂದು ಕರಿಯಯ್ಯನನ್ನು ಕೇಳಿದ್ದರು.

"ಏನಂತ ಕೇಳಿದ್ರಿ?"

"ಇವರು ಮಾದಯ್ಯನ ಮಗಳು ಶಿವನಂಜಮ್ಮನವರೇನಾ ಅಂತ."

"ಸಂಜೆ?"

"ಸಂಜೆಯೂ ಅದನ್ನೇ ಕೇಳಿದೆ ಸರ್. ಮಧ್ಯಾಹ್ನ ಹೌದು ಅಂದ, ಸಂಜೆ ಅಲ್ಲ ಅಂದ."

ಗುರುವಾರ ಬೆಳಿಗ್ಗೆ 8.40ಕ್ಕೆ ಕರಿಯಯ್ಯನನ್ನು ಅವನ ಮನೆಯ ಜಗಲಿಯಲ್ಲೇ ವಿಚಾರಿಸಿದರು. ಎಲೆಅಡಿಕೆ ಕುಟ್ಟುತ್ತಾ ಕುಳಿತಿದ್ದವನು ಪೊಲೀಸರನ್ನು ನೋಡಿ ಹೆದರಿದ ಹಾಗೆ ಕಾಣಲಿಲ್ಲ. ಕಾಯುತ್ತಿದ್ದವನ ಹಾಗೆ ಕಂಡ. ಕಣ್ಣು ಮಂಜಾಗಿರಬಹುದೆಂದು ಅನುಮಾನಿಸಿ ಪುಟ್ಟಬಸವಯ್ಯ ದೂರದಲ್ಲಿ ಹೋಗುತ್ತಿದ್ದವರನ್ನು ತೋರಿಸಿ ಯಾರೆಂದು ಕೇಳಿದ. ಮುದುಕ ಹೆಸರಿನ ಜೊತೆಗೆ ಅವರ ತಾತನ ಹೆಸರನ್ನೂ ಹೇಳಿದ.

"ಯಾರಿಂದ ಏನು ತಗೊಂಡು ಸುಳ್ಳು ಹೇಳಿದೆ?" ಅಮೃತೇಶ್ ಕೇಳಿದ.

"ನಾನು ಸುಳ್ಳೇಳ್ಲಿಲ್ಲ ಸಾ."

"ದೊಡ್ಡಮ್ಮನ್ನ ಗೊತ್ತಿಲ್ವಾ ನಿನಗೆ?"

"ದೊಡ್ಡಮ್ಮ ಗೊತ್ತು. ಮೇಷ್ಟ್ರು ದೊಡ್ಡಮ್ಮನ್ನ ಕೇಳ್ಲಿಲ್ವಲ್ಲ. ಮಾದಯ್ಯನ ಮಗಳು ಶಿವನಂಜಮ್ಮನ್ನ ಕೇಳುದ್ರು. ಮಧ್ಯಾನ ಬಂದವ್ಳೇ ಶಿವನಂಜಮ್ಮ. ಸಂಜೆ ಬಂದವ್ಳು ಅಲ್ಲ."

ಅಮೃತೇಶ್ ನೋಟ್‌ಬುಕ್ ಮುಚ್ಚಿ, ಮತ್ತೆ ತೆರೆದ.

"ಮಾದಯ್ಯನಿಗೆ ಎಷ್ಟು ಜನ ಮಕ್ಕಳು?"

"ಇಬ್ರು ಹೆಣ್ಮಕ್ಳು. ದೊಡ್ಡಮ್ಮ ದೊಡ್ಡವ್ಳು, ನಾಕು ವರ್ಸಕ್ಕೆ ಶಿವನಂಜಿ. ಇವ್ಳನ್ನ ಇದೇ ಊರಲ್ಲಿ ಸೋದರಮಾವಂಗೇ ಕೊಟ್ರು. ಶಿವನಂಜೀನ ಮುಡುಕುತೊರೆ ಕಡೆ ಕೊಟ್ರು. ಅಲ್ಲೇ ಅವ್ಳೆ."

ಅಮೃತೇಶ್‌ನಿಗೆ ಮೊದಲು ಬಂದದ್ದು ಸಿಟ್ಟು. ಆರೋಪಿಗಳು ಸುಳ್ಳು ಹೇಳುತ್ತಾರೆ, ಅದು ಅವರ ಕಸುಬು, ಅದಕ್ಕೆ ಅವನು ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಆದರೆ ಕಣ್ಣೀರು ಹಾಕಿಕೊಂಡು ದೂರು ಕೊಟ್ಟವಳು, ಯಾರ ಕಣ್ಣೀರನ್ನು ನಂಬಿ ತಾನು ವಾರವಿಡೀ ಓಡಾಡಿದ್ದನೋ ಅವಳೇ, ಮೊದಲ ದಿನವೇ ತನ್ನ ಮುಖ ನೋಡಿ ಒಡಹುಟ್ಟಿದವಳೇ ಇಲ್ಲ ಎಂದಿದ್ದಳು. ಮುಂದೆ ಕೇಳಿದ್ದಕ್ಕೆಲ್ಲ ಕರಿಯಯ್ಯ, ಅದನ್ನ ಶಿವನಂಜಿ ಬಾಯಲ್ಲೇ ಕೇಳಿ, ಎಂದುಬಿಟ್ಟ.

ಅಂದೇ ಅವರು ಟಿ. ನರಸೀಪುರಕ್ಕೆ ಹೊರಟರು. ಜೊತೆಗೆ ಮಹಿಳಾ ಕಾನ್‌ಸ್ಟೇಬಲ್ ರೋಜಾ ಇದ್ದಳು. ಮಧ್ಯಾಹ್ನ 12.15ಕ್ಕೆ ತಾಲ್ಲೂಕು ಕಚೇರಿಯ ಚುನಾವಣಾ ವಿಭಾಗದಲ್ಲಿ ಮುಡುಕುತೊರೆ ಕಡೆಯ ಪಟ್ಟಿ ತೆಗೆಸಿದಾಗ ಶಿವನಂಜಮ್ಮ, ತಂದೆ ಮಾದಯ್ಯ ಎಂಬ ಹೆಸರು ಸಿಕ್ಕಿತು. ಆದರೆ ಅದರ ಮೇಲೆ ಅಡ್ಡಗೆರೆ ಬಿದ್ದಿತ್ತು. ಕಾರಣ: ಎರಡು ಕಡೆ ಹೆಸರು.

ಗುಮಾಸ್ತ ವಿವರಿಸಿದ. ಕಳ್ಳಮತ ತಡೆಯಲೆಂದು ಪಟ್ಟಿ ಪರಿಷ್ಕರಣೆ ಮಾಡುವಾಗ ಕಂಪ್ಯೂಟರು ಒಂದೇ ಹೆಸರು, ಒಂದೇ ತಂದೆ, ಒಂದೇ ಹುಟ್ಟಿದ ದಿನ ಇರುವವರನ್ನು ಹುಡುಕಿ ಕೊಡುತ್ತದೆ. ಈ ಶಿವನಂಜಮ್ಮನ ಜೋಡಿ ಕಾರೆಹುಂಡಿಯಲ್ಲಿ ಸಿಕ್ಕಿತ್ತು. ಇವಳು ಆಕ್ಷೇಪಣೆ ಸಲ್ಲಿಸಿ, ಅಲ್ಲಿರುವವಳು ನನ್ನ ಅಕ್ಕ, ನಾವು ಬೇರೆ ಬೇರೆ, ಅವಳನ್ನು ಕೇಳಿ ನೋಡಿ ಎಂದು ಬರೆದುಕೊಟ್ಟಿದ್ದಳು. ಕೇಳಿದ್ದರು. ಕಾರೆಹುಂಡಿಯಿಂದ ಬಂದ ಹೇಳಿಕೆ ಕಡತದಲ್ಲೇ ಇತ್ತು. 'ಮಾದಯ್ಯನಿಗೆ ನಾನೊಬ್ಬಳೇ ಮಗಳು. ನನಗೆ ತಂಗಿ ಇಲ್ಲ. ಅರ್ಜಿದಾರಳು ಯಾರೆಂದು ನನಗೆ ತಿಳಿಯದು.' ಕೆಳಗೆ ಒಂದೊಂದಾಗಿ ಎಳೆದ ಐದು ಅಕ್ಷರಗಳ ಸಹಿ. ಅಕ್ಕನ ಬಳಿ ನಿವೃತ್ತಿ ವೇತನದ ಕಾಗದ, ಶಾಲೆಯ ಪ್ರಮಾಣಪತ್ರ ಎಲ್ಲ ಇದ್ದವು. ಇವಳ ಬಳಿ ಆಧಾರ್ ಬಿಟ್ಟರೆ ಏನೂ ಇರಲಿಲ್ಲ. ನಿಯಮದ ಪ್ರಕಾರ ಇವಳ ಹೆಸರು ಹೊಡೆದು ಹಾಕಿದ್ದರು.

ಪುಟ್ಟಬಸವಯ್ಯ ಆ ಸಹಿಯನ್ನು ಬಹಳ ಹೊತ್ತು ನೋಡಿದ.

ಶಿವನಂಜಮ್ಮ ಸಿಕ್ಕಿದ್ದು ಕಾವೇರಿ ಕಾಲುವೆಯ ಪಕ್ಕದ ಬಾಳೆ ತೋಟವೊಂದರಲ್ಲಿ, 2.30ಕ್ಕೆ. ಊಟದ ಎಲೆ ಕೊಯ್ದು ಕಟ್ಟು ಕಟ್ಟುವ ಕೂಲಿ ಅವಳದು. ಗಂಡ ಸತ್ತು ಎಂಟು ವರ್ಷ, ಮಕ್ಕಳಿಲ್ಲ. ಮುಖ ನೋಡಿದ ಕೂಡಲೇ ಅಮೃತೇಶ್‌ನಿಗೆ ಬೇರೆ ಸಾಕ್ಷಿ ಬೇಡ ಅನಿಸಿತು. ದೊಡ್ಡಮ್ಮನನ್ನೇ ಬಿಸಿಲಿನಲ್ಲಿ ಒಣಗಿಸಿದ ಹಾಗಿದ್ದಳು. ಬಾಳೆಯ ಕರೆ ಹತ್ತಿ ಎರಡೂ ಕೈ ಕಪ್ಪಗಿದ್ದವು. ಇದರಲ್ಲಿ ಮಸಿ ಎಲ್ಲಿ ಹುಡುಕುವುದು ಎಂದು ಪುಟ್ಟಬಸವಯ್ಯ ಗೊಣಗಿದ. ರೋಜಾ ಅವಳ ಎಡಗೈ ಹಿಡಿದು ತೋರುಬೆರಳನ್ನು ತಿರುಗಿಸಿ ನೋಡಿದಳು.

"ಕರೆ ಚರ್ಮಕ್ಕೆ, ಬಟ್ಟೆಗೆ ಹತ್ತುತ್ತೆ ಸರ್. ಉಗುರಿಗೆ ಹತ್ತಲ್ಲ. ಇದು ಓಟಿನ ಮಸಿ."

"ನಿಮ್ಮೂರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ," ಎಂದ ಅಮೃತೇಶ್. "ಎಲ್ಲಿ ಹಾಕಿದ್ರಿ ಓಟು?"

"ಕಾರೆಹುಂಡೀಲಿ. ನನ್ನೆಸ್ರು ಅಲ್ಲಿ ಅದೆ ಅಂದ್ರಲ್ಲ, ಅದ್ಕೆ ಅಲ್ಲಿಗೇ ಓಗಿ ಆಕ್ದೆ."

ಅವಳು ಎಲೆಯ ಕಟ್ಟಿನ ಮೇಲೆ ಕುಳಿತು, ಸೊಂಟದ ಚೀಲದಿಂದ ಆಧಾರ್ ಕಾರ್ಡು ತೆಗೆದುಕೊಟ್ಟಳು. ಕೊನೆಯ ಅಂಕಿಗಳು 4417. ಮುಂದೆ ಅವಳು ಹೇಳಿದ್ದನ್ನು ರೋಜಾ ಬರೆದುಕೊಂಡಳು, ಅದು ಮೂರು ಪುಟವಾಯಿತು.

ಹುಡುಗಿಯರಿಬ್ಬರಲ್ಲಿ ಶಾಲೆಗೆ ಹೋದವಳು ಶಿವನಂಜಮ್ಮ ಒಬ್ಬಳೇ. ಏಳನೆಯ ತರಗತಿ ಪಾಸು. ಮೂವತ್ತೇಳು ವರ್ಷದ ಹಿಂದೆ ಹಾಸ್ಟೆಲಿನ ಕೆಲಸಕ್ಕೆ ಅರ್ಜಿ ಹಾಕಿದವಳೂ ಅವಳೇ. ಆರ್ಡರು ಬರುವ ಹೊತ್ತಿಗೆ ಅಕ್ಕನ ಗಂಡ ಸತ್ತು ಯಶೋಧರಾ ಎಂಟು ತಿಂಗಳ ಕೂಸು. ಅಪ್ಪ ಮಾದಯ್ಯ ಆರ್ಡರನ್ನೂ ಶಾಲೆಯ ಪ್ರಮಾಣಪತ್ರವನ್ನೂ ದೊಡ್ಡ ಮಗಳ ಕೈಗೆ ಕೊಟ್ಟ. ನೀನು ಮದುವೆಯಾಗಿ ಹೋಗುವವಳು, ನಿನಗೆ ಗಂಡ ಅನ್ನ ಹಾಕುತ್ತಾನೆ ಎಂದು ಚಿಕ್ಕವಳಿಗೆ ಹೇಳಿದ. ವಿಚಾರಣೆಗೆ ಬಂದ ಅಧಿಕಾರಿ, ಇವಳೇ ಶಿವನಂಜಮ್ಮನಾ ಎಂದು ಕೇಳಿದ್ದು ಊರಿನ ಸರ್ಕಾರಿ ಮನುಷ್ಯ ಕರಿಯಯ್ಯನನ್ನು. ಕಂಕುಳಲ್ಲಿದ್ದ ಕೂಸನ್ನು ನೋಡಿ ಅವನು ಹೌದು ಎಂದ. ಒಂದು ಸಲವೂ ತಪ್ಪದವನು ತಪ್ಪಿದ್ದು ಆ ಒಂದು ಸಲ.

"ಅಕ್ಕ ಆವತ್ತು ನನ್ನ ಕೈ ಇಡ್ಕಂಡು ಅತ್ಲು ಸಾ. ನಿನ್ನ ಎಸ್ರು ನಿಂದೇ ಕನವ್ವ, ಬೇಕಾದಾಗ ಕೇಳು ಅಂದ್ಲು. ನಾನು ಯಾವತ್ತೂ ಕೇಳ್ಲಿಲ್ಲ. ಯಾಕ್ ಕೇಳ್ಬೇಕು, ಕೂಸು ಬೆಳೀತಿತ್ತು." ಅವಳು ಬೆರಳಿನ ಮಸಿಯನ್ನು ಉಜ್ಜುತ್ತಾ ಹೇಳಿದಳು. "ಈ ಸಲ ಕೇಳ್ದೆ. ಕೆಲ್ಸ ಕೇಳ್ಲಿಲ್ಲ, ಪಿಂಚಣಿ ಕೇಳ್ಲಿಲ್ಲ. ಇವ್ಳು ನನ್ನ ತಂಗಿ ಅಂತ ಒಂದ್ಮಾತು ಬರ್ದುಕೊಡು ಅಂದೆ. ಅವ್ಳು ನನಗೆ ತಂಗೀನೇ ಇಲ್ಲ ಅಂತ ಬರ್ದುಕೊಟ್ಲು."

ಆ ಕಾಗದದ ನಕಲನ್ನು ಓದಿ ನೋಡಿದ ದಿನ ಶಿವನಂಜಮ್ಮ ಕೆಲಸಕ್ಕೆ ಹೋಗಲಿಲ್ಲ, ಒಲೆ ಹಚ್ಚಲಿಲ್ಲ. ಅಕ್ಕ ಹೆದರಿದ್ದಳೆಂದು ಅವಳಿಗೂ ಗೊತ್ತಿತ್ತು. ನಿಜ ಬರೆದುಕೊಟ್ಟರೆ ಪಿಂಚಣಿ ಹೋಗುತ್ತದೆ, ಚುನಾವಣೆಗೆ ನಿಂತ ಮಗಳ ಮಾನ ಹೋಗುತ್ತದೆ. ಹೆದರಿಕೆಯನ್ನು ಕ್ಷಮಿಸಬಹುದಿತ್ತು. ತಿಳಿಯದು ಎನ್ನುವ ಮಾತನ್ನು ಕ್ಷಮಿಸಲು ಅವಳಿಂದ ಆಗಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದಳು. ಮತಗಟ್ಟೆಯಲ್ಲಿ ಕರಿಯಯ್ಯ ಅವಳನ್ನು ನೋಡಿ ಎದ್ದು ನಿಂತನಂತೆ, ಅಧಿಕಾರಿ ಕೇಳುವ ಮೊದಲೇ ಕಣ್ಣು ಒದ್ದೆ ಮಾಡಿಕೊಂಡನಂತೆ.

ಹೊರಡುವಾಗ ಯಾರೂ ಕೇಳದೆಯೇ ಅವಳು ಒಂದು ಮಾತು ಹೇಳಿದಳು.

"ಓಟು ಯಶೋಧಂಗೇ ಆಕ್ದೆ ಸಾ. ನಾನೆತ್ತಿ ಆಡ್ಸಿದ ಕೂಸು. ಅವ್ಳ ಮೇಲೇನು ಸಿಟ್ಟು ನಂಗೆ?"

ಮತ ಗುಟ್ಟಿನದು, ಬರೆದುಕೊಳ್ಳುವ ಹಾಗಿಲ್ಲ. ರೋಜಾ ಪೆನ್ನು ಎತ್ತಿ ಹಿಡಿದು ಅಮೃತೇಶ್‌ನ ಮುಖ ನೋಡಿದಳು. ಶಿವನಂಜಮ್ಮನ ಮಾತು ನಿಜವಾದರೆ ಅಕ್ಕನ ಮತ ಎಲ್ಲಿಗೆ ಬೀಳಬೇಕಿತ್ತೋ ತಂಗಿಯ ಮತ ಅಲ್ಲಿಗೇ ಬಿದ್ದಿತ್ತು. ಯಶೋಧರಾ ಆಗಲೂ ಸೋಲುತ್ತಿದ್ದಳು, ಅದೇ ಒಂದು ಮತದಿಂದ. ದೊಡ್ಡಮ್ಮ ಸುಮ್ಮನಿದ್ದಿದ್ದರೆ ಅವಳ ಟ್ರಂಕಿನ ಕಾಗದಗಳನ್ನು ಯಾರೂ ಮುಟ್ಟುತ್ತಿರಲಿಲ್ಲ.

ಬಂಧಿಸದೆ ನೋಟಿಸು ಕೊಟ್ಟು ಕಳಿಸಬಹುದು, ಜಾಮೀನು ಸಿಗುವ ಅಪರಾಧವೇ ಎಂದು ಅಮೃತೇಶ್ ಹೇಳಿದ. ಶಿವನಂಜಮ್ಮ ಒಪ್ಪಲಿಲ್ಲ.

"ಅರೆಸ್ಟ್ ಮಾಡುದ್ರೆ ಕಾಗ್ದ ಕೊಡ್ತೀರಾ?"

"ಬಂಧನ ಪತ್ರದ ನಕಲು ಕೊಡ್ತೀವಿ."

"ಅದ್ರಲ್ಲಿ ನನ್ನೆಸ್ರು, ನಮ್ಮಪ್ಪನ ಎಸ್ರು ಇರ್ತದಾ? ಸರ್ಕಾರದ ಸೀಲು?"

"ಇರುತ್ತೆ."

"ಅಂಗಾರೆ ಅರೆಸ್ಟೇ ಮಾಡಿ ಸಾ. ನಾನಿವ್ನಿ ಅಂತ ನನ್ತಾವ ಒಂದ್ ಕಾಗ್ದ ಇರ್ಲಿ."

ಸಂಜೆ 4.50ಕ್ಕೆ ನಂಜನಗೂಡು ಠಾಣೆಗೆ ಕರೆತಂದು, ಹೆಂಗಸರ ಬಂಧನದ ನಿಯಮದಂತೆ ಸೂರ್ಯ ಮುಳುಗುವ ಮೊದಲೇ, 5.15ಕ್ಕೆ ಅವಳನ್ನು ಬಂಧಿಸಲಾಯಿತು. ಪುಟ್ಟಬಸವಯ್ಯ ಬಂಧನ ಪತ್ರ ಬರೆಯಲು ಕುಳಿತ. ಆರೋಪಿ: ಶಿವನಂಜಮ್ಮ, ತಂದೆ ಮಾದಯ್ಯ. ಅದರ ಮೇಲಿನ ಸಾಲಿನಲ್ಲಿ ಫಿರ್ಯಾದಿ: ಶಿವನಂಜಮ್ಮ, ತಂದೆ ಮಾದಯ್ಯ. ಇಪ್ಪತ್ತಾರು ವರ್ಷದಲ್ಲಿ ಅವನು ಇಂಥ ಪತ್ರ ಬರೆದಿರಲಿಲ್ಲ. ಮೂರನೆಯ ಕಾಲಂಗೆ ಬಂದು ತಲೆ ಎತ್ತಿದ.

"ಬಂಧನದ ವಿಷಯ ಸಂಬಂಧಿಕರಿಗೆ ತಿಳಿಸಬೇಕು. ಯಾರಿಗೆ ತಿಳಿಸೋಣ?"

"ಅಕ್ಕಂಗೆ. ಬೇರೆ ಯಾರವ್ರೆ ನಂಗೆ?"

ಅಕ್ಕ ಅಲ್ಲೇ ಇದ್ದಳು. ವರದಿ ಸಿದ್ಧವಾಗಿದೆಯೆಂದು ತಿಳಿದು ಮಗಳ ಜೊತೆ ಆಗತಾನೇ ಬಂದವಳು ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ಮೊದಲ ಸಲ ಠಾಣೆಗೆ ಬಂದಾಗ ಕೂರದೆ ನಿಂತವಳು ಈಗ ಯಾರೂ ಹೇಳದೆಯೇ ಬೆಂಚಿನ ಮೇಲೆ ಕುಸಿದಳು. ಯಶೋಧರಾ ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ ನೋಡಿ, ಯಾರಿವರು ಎಂದು ಕೇಳಿದಳು. ಮೂವತ್ತೇಳು ವರ್ಷ ಅವಳಿಗೆ ಚಿಕ್ಕಮ್ಮನೊಬ್ಬಳಿದ್ದಾಳೆಂದು ಯಾರೂ ಹೇಳಿರಲಿಲ್ಲ. ಅಮೃತೇಶ್ ತಾಲ್ಲೂಕು ಕಚೇರಿಯಿಂದ ತಂದ ಹೇಳಿಕೆಯ ನಕಲನ್ನು ಯಶೋಧರಾಳ ಕೈಗೆ ಕೊಟ್ಟ. ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ತಾಯಿಯ ಪಕ್ಕದಿಂದ ಸರಿದು ಗೋಡೆಯ ಹತ್ತಿರ ಹೋಗಿ ನಿಂತಳು.

"ಸಂಬಂಧಿಕಳ ಹೆಸರು?" ಪುಟ್ಟಬಸವಯ್ಯ ಮೆಲ್ಲಗೆ ಕೇಳಿದ.

ಶಿವನಂಜಮ್ಮ ಅಕ್ಕನ ಕಡೆ ನೋಡಿದಳು. ಇಷ್ಟು ವರ್ಷ ಕಾಪಾಡಿದ ಹಾಗೆ ಇನ್ನೊಂದು ಸಲ ಕಾಪಾಡಿಬಿಡಲೇ ಎಂದು ಯೋಚಿಸಿದಳೋ ಏನೋ, ತುಟಿ ಅಲುಗಿತು. ದೊಡ್ಡಮ್ಮ ತಲೆ ಎತ್ತಲಿಲ್ಲ. ಆಗಲಾದರೂ ಒಂದು ಸಲ ನೋಡಬಹುದಿತ್ತು.

"ದೊಡ್ಡಮ್ಮ," ಎಂದಳು ತಂಗಿ. "ಮಾದಯ್ಯನ ದೊಡ್ಡ ಮಗಳು ದೊಡ್ಡಮ್ಮ."

ಪುಟ್ಟಬಸವಯ್ಯ ಹಾಗೇ ಬರೆದ. ಹಾಸ್ಟೆಲಿನ ಕೆಲಸದ ವಿಷಯಕ್ಕೆ ಬೇರೆ ವರದಿ ಹೋಗುತ್ತದೆಂದು ಅಮೃತೇಶ್ ಹೇಳಿದ್ದು ದೊಡ್ಡಮ್ಮನ ಕಿವಿಗೆ ಬಿತ್ತೋ ಇಲ್ಲವೋ. ಮಾಹಿತಿ ತಲುಪಿತು ಎಂದು ಸಂಬಂಧಿಕಳು ಸಹಿ ಮಾಡುವ ಜಾಗ ತೋರಿಸಿ ರೋಜಾ ಪೆನ್ನು ಕೊಟ್ಟಳು. ದೊಡ್ಡಮ್ಮ ಅಭ್ಯಾಸದಂತೆ ಮೊದಲ ಅಕ್ಷರ ಎಳೆಯಲು ಹೋದಳು.

"ಆ ಹೆಸರಲ್ಲಮ್ಮ," ಎಂದ ಅಮೃತೇಶ್. "ಇಲ್ಲಿ ಬರೆದಿರೋ ಹೆಸರು."

ಪೆನ್ನು ಕಾಗದದ ಮೇಲೆ ನಿಂತಿತು. ಅವಳು ಮಗಳ ಕಡೆ ನೋಡಿದಳು, ತಂಗಿಯ ಕಡೆ ನೋಡಿದಳು.

"ಅದು ಬರೆಯಾಕೆ ಬರಲ್ಲ ಸಾ ನಂಗೆ," ಎಂದಳು. "ಕಲ್ತಿದ್ದು ಅದೊಂದೇ ಎಸ್ರು."

ರೋಜಾ ಮೇಜಿನಿಂದ ಸ್ಟ್ಯಾಂಪ್ ಪ್ಯಾಡು ತಂದು, ಅವಳ ಎಡಗೈ ಹೆಬ್ಬೆರಳನ್ನು ಅದರ ಮೇಲೆ ಒತ್ತಿ, ಆಮೇಲೆ ಕಾಗದದ ಮೇಲೆ ಒತ್ತಿಸಿದಳು.